ಒಗೆಯಬಾರದ ಅಂಗಿ

ಅವತ್ತು ಬಿಸಿಲು ಬಂದಿತ್ತು. ಡಿಸೆಂಬರಿನಲ್ಲಿ ನಮ್ಮ ಗುಡ್ಡದ ಮೇಲೆ ಬಿಸಿಲು ಬಂದರೆ ಹೆಂಗಸರು ಬೇರೆಲ್ಲ ಬಿಟ್ಟು ಬಟ್ಟೆ ಒಗೆಯುತ್ತಾರೆ. ಬಾಸಿಲಿಯಾ ಕೂಡ ಅದನ್ನೇ ಮಾಡಿದಳು.

ಬೆಳಿಗ್ಗೆ ಎದ್ದಾಗ ಎಂದಿನಂತೆ ನೀರಿನ ಪೈಪು ಹೆಪ್ಪುಗಟ್ಟಿತ್ತು. ಮೇಲಿನ ಬುಗ್ಗೆಯಿಂದ ಮನೆಗೆ ಬರುವ ಕಪ್ಪು ಪೈಪು ಅದು. ರಾತ್ರಿ ಬೆಳಗಾಗುವುದರೊಳಗೆ ಅದರೊಳಗಿನ ನೀರು ಕಲ್ಲಾಗುತ್ತದೆ. ಅವಳ ಗಂಡ ತೆಲೆಸ್ಫೊರೊ ಒಲೆಯ ಮೇಲಿದ್ದ ಕೆಟಲ್ ಎತ್ತಿಕೊಂಡು ಹೋಗಿ ಬಿಸಿನೀರು ಸುರಿದ. ಪೈಪಿನ ಬಾಯಿಯಿಂದ ಶುರು ಮಾಡಿ ನಿಧಾನಕ್ಕೆ ಗೋಡೆಯ ಕಡೆಗೆ. ಉಲ್ಟಾ ಸುರಿದರೆ ಪೈಪು ಸೀಳುತ್ತದೆ ಎನ್ನುತ್ತಿದ್ದ. ಆ ಕೆಲಸವನ್ನು ಹೆಂಡತಿಗೆ ಯಾವತ್ತೂ ಕೊಟ್ಟವನಲ್ಲ. ಪೈಪು ಕೆಮ್ಮಿ, ಮಂಜುಗಡ್ಡೆಯ ಚೂರು ಉಗುಳಿ, ಆಮೇಲೆ ನೀರು ಬಿಟ್ಟಿತು.

"ಆ ಅಂಗಿ ಬಿಚ್ಚು," ಎಂದಳು ಬಾಸಿಲಿಯಾ.

"ಇದು ನಿನ್ನೆ ಹಾಕ್ಕೊಂಡಿದ್ದು ಕಣೆ."

"ಹೋದ ಭಾನುವಾರದ್ದು. ನಿನ್ನ ನಿನ್ನೆ ಬಹಳ ಉದ್ದ."

"ಈ ಚಳೀಲಿ ಬರೀ ಮೈಲಿ ನಿಲ್ಲಿಸ್ತೀಯಲ್ಲ. ಒಳಗಿರೋ ಹುಡುಗಿ ನೋಡಿ ಹೆದರ್ಕೋತಾಳೆ."

"ನಿನ್ನ ವಾಸನೇಗೆ ಹೆದರದೋಳು ಮೈಗೆ ಹೆದರ್ತಾಳಾ? ಬಿಚ್ಚು."

ಬಿಚ್ಚಿ ಕೊಟ್ಟ. ಬರಿ ಮೈಮೇಲೆ ಕಪಿಶಾಯ್ ಎಳೆದುಕೊಂಡ. ಕಪಿಶಾಯ್ ಅಂದರೆ ನಮ್ಮ ಗಂಡಸರು ಎಲ್ಲದರ ಮೇಲೆ ತೊಡುವ ಕರಿ ಉಣ್ಣೆಯ ದಪ್ಪ ಅಂಗಿ. ಅವನದು ಅವನಪ್ಪನಿಂದ ಬಂದದ್ದು. ಅದಕ್ಕೆ ಸೋಪು ಹಾಕುವುದಿಲ್ಲ, ಬಿಸಿಲಿಗೆ ಹರಡಿ ಕೋಲಿನಿಂದ ಬಡಿದರೆ ಮುಗಿಯಿತು. ಬಾಸಿಲಿಯಾ ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಒಗೆದಳು. ಅವನ ಎರಡು ಅಂಗಿ, ಪಟ್ಟೆಪಟ್ಟೆಯ ಕೆಂಪು ಷರಾಯಿ, ಸೊಂಟದ ಪಟ್ಟಿ, ಹಾಸಿಗೆಯ ಕಂಬಳಿ. ಕಲ್ಲಿನ ಗೋಡೆ ಉದ್ದಕ್ಕೂ ಹರಡಿದಳು. ಕುರಿಗಳು ಬಂದು ಮೂಸಿ ಹೋದವು.

ಒಳಗೆ ಮೂವರು ಬೆನ್ನುಚೀಲದವರು ಇದ್ದರು. ಒಬ್ಬ ಗಡ್ಡದವನು, ಅವನ ಜೊತೆಗಾರ, ಮತ್ತೆ ಹಾಲೆಂಡ್ ದೇಶದ ಹುಡುಗಿ ಮರೈಕೆ. ನೆಬಾಹ್ ಕಡೆಯಿಂದ ನಡೆದು ಬಂದಿದ್ದರು. ಮಾರನೇ ದಿನ ಬಯಲು ದಾಟಿ ತೋದೋಸ್ ಸಾಂತೋಸ್ ಕಡೆ ಇಳಿಯುವವರು. ಇಂಥವರು ಕಾಸಿಗೆ ಕಾಸು ಹಿಡಿಯುವ ಜನ. ಮೊಟ್ಟೆ ಹಾಕಿದರೆ ಎಷ್ಟು, ಹಾಕದಿದ್ದರೆ ಎಷ್ಟು ಎಂದು ಕೇಳಿ, ಬರೀ ಕರಿ ಹುರುಳಿ ಸಾಕು ಎನ್ನುತ್ತಾರೆ. ಸಾಮಾನು ಹೊರಲು ಕುದುರೆ ಬೇಡ, ನಾವೇ ಹೊರುತ್ತೇವೆ ಎನ್ನುತ್ತಾರೆ. ಏರು ಶುರುವಾದ ಮೇಲೆ ಆ ಚೀಲ ತೆಲೆಸ್ಫೊರೊನ ಬೆನ್ನಿಗೆ ಬರುತ್ತದೆ. ಅವನು ಹೊರೆ ತೂಗುವ ಹಣೆಪಟ್ಟಿ ಹಾಕಿ ಎತ್ತಿಕೊಳ್ಳುತ್ತಿದ್ದ, ಬೇಡ ಅನ್ನುತ್ತಿರಲಿಲ್ಲ.

"ಎರಡು ಬೆನ್ನು ಇದ್ದಿದ್ರೆ ಎರಡನ್ನೂ ಪುಕ್ಕಟೆ ಕೊಡ್ತಿದ್ದೆ ನೀನು," ಎನ್ನುತ್ತಿದ್ದಳು ಬಾಸಿಲಿಯಾ.

"ಪಾಪ, ಅವರಿಗೆ ನಡೆಯೋಕೆ ಬರಲ್ಲ ಕಣೆ. ಯಾರೂ ಕಲಿಸಿಲ್ಲ."

ಅವರಿಬ್ಬರ ಕಥೆ ದೊಡ್ಡದೇನಲ್ಲ. ಬಾಸಿಲಿಯಾ ಎರಡು ವರ್ಷ ಶಾಲೆಗೆ ಹೋದಳು. ಆಮೇಲೆ ಅಪ್ಪ ಕರಾವಳಿಯ ಕಾಫಿ ತೋಟಕ್ಕೆ ಕರೆದುಕೊಂಡು ಹೋದ. ತೆಲೆಸ್ಫೊರೊನನ್ನು ಅಲ್ಲಿಯೇ ನೋಡಿದ್ದು. ಒಂದೇ ಊರಿನವರು, ತುಯ್ವಿಟ್ಸಿನವರು, ಆದರೂ ಮಾತಾಡಿದ್ದು ಅಲ್ಲಿಯೇ. ಮದುವೆಯಾಗಿ ಗುಡ್ಡಕ್ಕೆ ಹಿಂದಿರುಗಿ ಕುರಿ ಸಾಕಿದರು, ಆಲೂಗಡ್ಡೆ ಹಾಕಿದರು. ಮಗಳು ರುಫೀನಾ ಹುಟ್ಟಿದಳು. ಒಂದು ಸಂಜೆ ಮಂಜಿನಲ್ಲಿ ದಾರಿ ತಪ್ಪಿದ ಇಬ್ಬರು ಪರದೇಶದವರು ಬಾಗಿಲು ತಟ್ಟಿದರು. ತೆಲೆಸ್ಫೊರೊ ಅವರನ್ನು ಒಲೆ ಪಕ್ಕ ಮಲಗಿಸಿ, ಬೆಳಿಗ್ಗೆ ದಾರಿಗೆ ಹಚ್ಚಿ ಬಂದ. ಅವರು ಯಾರಿಗೆ ಹೇಳಿದರೋ ಏನೋ, ಆಮೇಲೆ ಜನ ಬರುತ್ತಲೇ ಹೋದರು. ಕುರಿಮನೆಗೆ ಹಲಗೆ ಹೊಡೆದು ಮಂಚ ಮಾಡಿದ. ಬಾಸಿಲಿಯಾ ಕಂಬಳಿ ನೇಯ್ದಳು. ಅಷ್ಟೇ ಆಗಿದ್ದು.

ಆ ದಿನ ಸಂಜೆ ಮರೈಕೆ ನೆಲದ ಮೇಲೆ ನಕ್ಷೆ ಹರಡಿ, ಮುಂದೆ ಎಲ್ಲೆಲ್ಲಿಗೆ ಹೋಗುತ್ತೇನೆಂದು ಬೆರಳಿಟ್ಟು ತೋರಿಸಿದಳು. ವೇವೇ, ಶೇಲಾ, ಆಮೇಲೆ ದೊಡ್ಡ ಕೆರೆ. ಬಾಸಿಲಿಯಾ ರೊಟ್ಟಿ ತಟ್ಟುತ್ತಾ ನೋಡಿದಳು. ಕೆರೆ ನಕ್ಷೆಯಲ್ಲಿ ಒಂದು ಹುರುಳಿಕಾಳಿನಷ್ಟಿತ್ತು.

ಮಾರನೇ ದಿನ ಬೆಳಕು ಹರಿಯುತ್ತಲೇ ಅವರು ಹೊರಟರು. ಒಗೆದ ಅಂಗಿ ಇನ್ನೂ ಸ್ವಲ್ಪ ಹಸಿಯಿತ್ತು. ತೆಲೆಸ್ಫೊರೊ ಅದನ್ನೇ ತೊಟ್ಟು ಮೇಲೆ ಕಪಿಶಾಯ್ ಹಾಕಿದ. ಸಂಜೆಗೆ ಬರುತ್ತೇನೆ ಅಂದ. ಅವಳು ಕೆಲಸದಲ್ಲಿದ್ದಳು, ಹೂಂ ಅಂದಳು.

ಸಂಜೆ ಬರಲಿಲ್ಲ. ಬಂದದ್ದು ಸುದ್ದಿ. ಬಯಲಿನ ನಡುವೆ ಮಂಜು ಇಳಿದು ಆಲಿಕಲ್ಲು ಬಿದ್ದಿತ್ತು. ಹುಡುಗಿ ಚಳಿಗೆ ನಡುಗುತ್ತಿದ್ದಳಂತೆ. ಅವನು ಕಪಿಶಾಯ್ ತೆಗೆದು ಅವಳಿಗೆ ತೊಡಿಸಿದ. ಸ್ವಲ್ಪ ಮುಂದೆ ಹೋಗಿ ಒಂದು ಬಂಡೆಯ ಮರೆಯಲ್ಲಿ ಕುಳಿತ. ಕುಳಿತವನು ಏಳಲಿಲ್ಲ. ಎದೆ ನಿಂತಿತ್ತು ಅಂದರು ವೇವೇಯ ಡಾಕ್ಟರು, ಚಳಿಯಿಂದ ಅಲ್ಲ ಅಂದರು. ಬೆನ್ನುಚೀಲದವರು ಕೆಳಗಿನ ಊರಿಗೆ ಓಡಿ ಜನ ಕರೆತಂದರು. ಆ ಜನ ಅವನನ್ನು ಆಚೆ ಬದಿಯಿಂದ ಹೊತ್ತು ರಸ್ತೆಗೆ ಇಳಿಸಿ, ಪಿಕಪ್ಪಿನಲ್ಲಿ ವೇವೇ ಪಟ್ಟಣಕ್ಕೆ ಒಯ್ದರು. ಅಲ್ಲಿಂದ ಗುಡ್ಡ ಸುತ್ತಿ ಮನೆಗೆ ತಂದರು, ಪೆಟ್ಟಿಗೆಯಲ್ಲಿ. ಮೈಮೇಲಿನ ಬಟ್ಟೆಯನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದಿದ್ದರು. ಅದನ್ನು ಕೇಳಿ ತರಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮಣ್ಣು ಮಾಡುವ ದಿನ ಬಾಸಿಲಿಯಾ ಅಳಲಿಲ್ಲ. ಪೆಟ್ಟಿಗೆಯ ಮುಚ್ಚಳಕ್ಕೆ ಹೊಡೆದ ಒಂದು ಮೊಳೆ ಸೊಟ್ಟಗಿತ್ತು. ಅದನ್ನೇ ನೋಡುತ್ತಾ ನಿಂತಳು. ಅವನಿಗೆ ಹೊಸ ಅಂಗಿ ತೊಡಿಸಿದ್ದರು. ಪಕ್ಕದಲ್ಲಿ ಟೋಪಿ ಇಟ್ಟರು, ಹಣೆಪಟ್ಟಿ ಇಟ್ಟರು, ನೀರಿನ ಬುರುಡೆ, ನಾಲ್ಕು ರೊಟ್ಟಿ. ದಾರಿಗೆ ಬೇಕು ಅಂತ. ನಮ್ಮಲ್ಲಿ ಹಾಗೆಯೇ, ಹೋಗುವವನಿಗೆ ಇದ್ದದ್ದೆಲ್ಲ ಕೊಟ್ಟು ಕಳಿಸುತ್ತಾರೆ.

ಮನೆಗೆ ಬಂದ ಮೇಲೆ ಅವನ ಅಕ್ಕ ಕ್ಲೆಮೆನ್ಸಿಯಾ ಲಂಗಕ್ಕೆ ಕೈ ಒರೆಸಿಕೊಳ್ಳುತ್ತಾ ಕೇಳಿದಳು.

"ಬಾಸಿ, ಅವನ ಒಗೆಯದ ಬಟ್ಟೆ ಯಾವುದಿದೆ ತಗೊಂಬಾ. ಇಲಾರಿಯೊ ಅಜ್ಜ ಕೇಳ್ತಿದಾನೆ."

"ಇಲ್ಲ ಅಕ್ಕ."

"ಇಲ್ಲ ಅಂದ್ರೆ?"

"ಎಲ್ಲಾ ಒಗೆದೆ. ಬಿಸಿಲಿತ್ತು."

"ಎಲ್ಲಾನೂ?"

"ಕಂಬಳೀನೂ."

ಕ್ಲೆಮೆನ್ಸಿಯಾ ಹೊಸ್ತಿಲ ಮೇಲೆ ಕುಸಿದಳು. "ನೀನೊಬ್ಳು. ಬಿಸಿಲು ಕಂಡ್ರೆ ಗೋಡೇನೂ ಒಗೆಯೋಳು."

ಇಲಾರಿಯೊ ಅಜ್ಜ ಊರಿನ ಹಿರಿಯ. ದಿನ ನೋಡುವವನು, ಹೊಗೆ ಹಾಕಿ ಪ್ರಾರ್ಥನೆ ಮಾಡುವವನು. ಒಲೆ ಮುಂದೆ ಕುಳಿತು ಕಡ್ಡಿಯಿಂದ ಬೂದಿ ಕೆದಕುತ್ತಿದ್ದ.

"ನೋಡವ್ವ," ಅಂದ. "ಮೈ ರಸ್ತೇಲಿ ಬಂತು. ಅವನು ರಸ್ತೇಲಿ ಹೋಗಿರಲಿಲ್ಲ. ಬಂಡೆ ಹತ್ರ ಕೂತಿದಾನೆ, ಜನ ಎಲ್ಲಿ ಹೋದ್ರು ಅಂತ ನೋಡ್ತಾ. ಹೋಗಿ ಕರ್ಕೊಂಡು ಬರಬೇಕು, ಹೋದ ದಾರೀಲೇ."

"ಹೋಗ್ತೀನಿ."

"ಬರೀ ಕೈಲಿ ಹೋಗಿ ಕರೆದ್ರೆ ಯಾರ್ಯಾರೋ ಬರ್ತಾರೆ. ಆ ಬಯಲಲ್ಲಿ ಸತ್ತೋನು ಇವನೊಬ್ನೇನಾ? ಸೈನ್ಯದೋರು ಊರು ಸುಟ್ಟ ಕಾಲದಲ್ಲಿ ಸತ್ತೋರೆಲ್ಲ ಅಲ್ಲೇ ಇದಾರೆ. ಅವನ ಬೆವರಿರೋ ಬಟ್ಟೆ ಬೇಕು, ದಾರಿಯುದ್ದಕ್ಕೂ ನೆಲದ ಮೇಲೆ ಎಳ್ಕೊಂಡು ಬರೋಕೆ. ಮೂಸಿದ್ರೆ ತನ್ನದು ಅಂತ ಗೊತ್ತಾಗ್ಬೇಕು, ಎದ್ದು ಬರಬೇಕು."

ಬಾಸಿಲಿಯಾ ಒಲೆಗೆ ಒಂದು ಕಟ್ಟಿಗೆ ತಳ್ಳಿದಳು.

"ಕಪಿಶಾಯ್ ಇದೆ," ಅಂದಳು. "ಆ ಹುಡುಗಿ ಹತ್ರ."

ಎಲ್ಲರೂ ತಿರುಗಿ ನೋಡಿದರು. ಅವನು ಸತ್ತ ದಿನದ ಗದ್ದಲದಲ್ಲಿ ಹುಡುಗಿ ಕಪಿಶಾಯ್ ತೊಟ್ಟುಕೊಂಡೇ ಬಸ್ಸು ಹತ್ತಿದ್ದಳು. ಅದು ತನ್ನದಲ್ಲ ಅನ್ನುವ ನೆನಪೂ ಅವಳಿಗೆ ಇರಲಿಲ್ಲವೇನೋ.

"ಒಂಬತ್ತು ದಿನದ ಪ್ರಾರ್ಥನೆ ಮುಗಿಯೋದ್ರೊಳಗೆ ಆಗ್ಬೇಕು," ಅಂದ ಅಜ್ಜ. "ಆಮೇಲೆ ಅವನು ಆ ಜಾಗಕ್ಕೆ ಒಗ್ಗಿ ಹೋಗ್ತಾನೆ."

"ಮನೇಲಿ ಪ್ರಾರ್ಥನೆ ನಡೀತಿರುವಾಗ ಹೆಂಡತಿ ಊರೂರು ತಿರುಗೋದಾ? ಜನ ಏನಂತಾರೆ?" ಅಂದಳು ಕ್ಲೆಮೆನ್ಸಿಯಾ.

"ಒಗೆದೋಳು ಹುಡುಕೋಕೆ ಹೋದ್ಲು ಅಂತಾರೆ," ಅಂದಳು ಬಾಸಿಲಿಯಾ.

ರುಫೀನಾ ಮಗುವನ್ನೆತ್ತಿಕೊಂಡು ಬಂದಿದ್ದಳು, ಬಾಸಿಲಿಯಾ ಮನೆಯನ್ನು ಅವಳಿಗೆ ಒಪ್ಪಿಸಿದಳು. ರೊಟ್ಟಿ, ಉಪ್ಪು, ಒಂದು ಶಾಲು ಬಟ್ಟೆಯಲ್ಲಿ ಗಂಟು ಕಟ್ಟಿ ಬೆನ್ನಿಗೆ ಹಾಕಿಕೊಂಡಳು. ವೇವೇಯಿಂದ ಆಚೆ ಅವಳು ಒಮ್ಮೆ ಮಾತ್ರ ಹೋಗಿದ್ದವಳು, ಕಾಫಿ ತೋಟದ ಲಾರಿಯಲ್ಲಿ, ಟಾರ್ಪಾಲಿನ ಕೆಳಗೆ. ಹೊರಗೇನೂ ಕಂಡಿರಲಿಲ್ಲ.

ವೇವೇಯ ಬಸ್ ನಿಲ್ದಾಣದಲ್ಲಿ ಕ್ಲೀನರುಗಳು ಊರ ಹೆಸರು ಕೂಗುತ್ತಿದ್ದರು. ಬಾಸಿಲಿಯಾಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೆ.

"ಬೆನ್ನುಚೀಲದವರು ಹೋಗೋ ಬಸ್ಸು ಯಾವುದಪ್ಪ?"

ಕ್ಲೀನರ್ ಅವಳನ್ನೂ ಅವಳ ಗಂಟನ್ನೂ ನೋಡಿ ನಕ್ಕ. "ಯಾಕವ್ವ, ನೀನೂ ದೇಶ ನೋಡೋಕೆ ಹೊರಟ್ಯಾ?"

"ಹೂಂ."

"ಹತ್ತು ಹತ್ತು. ಶೇಲಾ, ಶೇಲಾ. ಚೀಲ ಮೇಲೆ ಹಾಕ್ಲಾ?"

"ಬೇಡ. ರೊಟ್ಟಿ ಇದೆ."

ಬಸ್ಸಿನಲ್ಲಿ ಒಂದು ಸೀಟಿಗೆ ಮೂವರು. ಬಾಸಿಲಿಯಾ ಅಂಚಿನಲ್ಲಿ ಅರ್ಧ ಕುಳಿತು ಅರ್ಧ ಗಾಳಿಯಲ್ಲಿ ಹೋದಳು. ಕಿಟಕಿಯಾಚೆ ಹೊಲ, ಪೈನ್ ಮರ, ಮತ್ತೆ ಹೊಲ. ಮುಂದೆ ಇಬ್ಬರು ಪರದೇಶದ ಹುಡುಗರು ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ನಿದ್ದೆ ಮಾಡುತ್ತಿದ್ದರು. ಇವರು ಇಳಿದಲ್ಲಿ ನಾನೂ ಇಳಿಯುತ್ತೇನೆ ಅಂದುಕೊಂಡಳು. ಹಾಗೇ ಮಾಡಿದಳು. ಅವರ ಹಿಂದೆ ನಡೆದಳು. ಅವರು ಎಡಕ್ಕೆ ತಿರುಗಿದರೆ ಎಡಕ್ಕೆ. ಒಂದು ಹಸಿರು ಬಾಗಿಲಿನೊಳಗೆ ಹೋದರು, ಅವಳೂ ಹೋದಳು.

ಅಗ್ಗದ ವಸತಿ ಅದು. ನಡೆಸುವವಳು ಒತಿಲಿಯಾ, ದಪ್ಪ ಕನ್ನಡಕದ ಹೆಂಗಸು. ಬಾಸಿಲಿಯಾ ಹೇಳಿದ್ದನ್ನು ಪೂರ್ತಿ ಕೇಳಿದಳು. ಹಾಲೆಂಡಿನ ಹುಡುಗಿ, ಕರಿ ಅಂಗಿ.

"ಬಂದಿದ್ಲು ಕಣಮ್ಮ. ಮೂರು ದಿನ ಹಾಸಿಗೆ ಬಿಟ್ಟು ಎದ್ದಿಲ್ಲ. ಆ ಅಂಗೀಲೇ ಮಲಗಿದ್ಲು. ಕುರಿ ವಾಸನೆ ಅಂತ ಪಕ್ಕದವರು ದೂರು ಹೇಳಿದ್ರು."

"ಕುರಿ ಅಲ್ಲ," ಅಂದಳು ಬಾಸಿಲಿಯಾ.

"ನಿನ್ನೆ ಹೋದ್ಲು. ಕೆರೆ ಕಡೆ, ಸಾನ್ ಪೆದ್ರೊ. ಎಲ್ರೂ ಅಲ್ಲಿಗೇ ಹೋಗೋದು. ನನ್ನ ತಂಗಿ ಮನೇಲೇ ಇಳ್ಕೋ ಅಂತ ಕಳಿಸಿದೀನಿ. ಈಗ ಬಸ್ಸಿಲ್ಲ, ನೀನು ಇಲ್ಲೇ ಮಲ್ಕೋ."

ಅವಳಿಗೆ ಸಿಕ್ಕಿದ್ದು ಒಂದರ ಮೇಲೊಂದು ಇರುವ ಮಂಚಗಳಲ್ಲಿ ಮೇಲಿನದು. ಏಣಿ ಹತ್ತಿ ಮಲಗಿದಳು. ಸುತ್ತ ಪರದೇಶದ ಹುಡುಗ ಹುಡುಗಿಯರು. ಒದ್ದೆ ಸಾಕ್ಸ್ ಕಂಬಿಗೆ ನೇತು ಹಾಕಿದ್ದರು. ಎದುರಿನ ಮಂಚದ ಹುಡುಗ ಎಲ್ಲರನ್ನೂ ಕೇಳುವಂತೆ ಅವಳನ್ನೂ ಕೇಳಿದ.

"ಎಲ್ಲಿಂದ ಬಂದಿದೀರಿ?"

"ಮೇಲಿಂದ."

"ಎಷ್ಟು ದಿನದಿಂದ ಸುತ್ತುತಾ ಇದೀರಿ?"

"ಇವತ್ತು ಶುರು."

"ಮುಂದೆ ಎಲ್ಲಿಗೆ?"

"ಕೆರೆಗೆ."

"ಓ, ಕೆರೆ ಚೆನ್ನಾಗಿದೆ," ಅಂದ. ಗೋಡೆ ಕಡೆ ತಿರುಗಿ ಮಲಗಿದ. ಅವಳ ಗಂಡ ಹೊತ್ತ ಚೀಲಗಳು ಇಂಥವರದೇ. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರ ಬಗ್ಗೆಯೂ ಏನೂ ಅನ್ನಿಸಲಿಲ್ಲ.

ಮಾರನೇ ದಿನ ಬೆಳಿಗ್ಗೆಯ ಬಸ್ಸು. ಕೆರೆಯ ಕಡೆ ಇಳಿಯುವ ರಸ್ತೆ ಹಾವಿನಂತೆ ಸುತ್ತುತ್ತದೆ. ಪಕ್ಕದ ಹೆಂಗಸು ವಾಂತಿ ಮಾಡಿಕೊಂಡಳು, ಬಾಸಿಲಿಯಾ ಅವಳ ಮಗುವನ್ನು ಹಿಡಿದುಕೊಂಡಳು. ನೀರು ಕಂಡಿತು. ನಕ್ಷೆಯಲ್ಲಿ ಹುರುಳಿಕಾಳು, ಇಲ್ಲಿ ಆಚೆ ದಡವೇ ಮಬ್ಬು.

ಒತಿಲಿಯಾಳ ತಂಗಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬೆನ್ನುಚೀಲದವರು ಇರುವೆ ಸಾಲಿನಂತೆ ಅದೇ ಬೀದಿಯಲ್ಲಿ ಹೋಗುತ್ತಿದ್ದರು. ಮರೈಕೆ ಅಂಗಳದಲ್ಲಿ ಬರಿಗಾಲಲ್ಲಿ ಕುಳಿತಿದ್ದಳು. ಬಾಸಿಲಿಯಾಳನ್ನು ಕಂಡು ಎದ್ದು ನಿಂತಳು, ಬಾಯಿ ಮೇಲೆ ಕೈ ಇಟ್ಟಳು. ಆಮೇಲೆ ಬಂದು ತಬ್ಬಿಕೊಂಡು ಅತ್ತಳು. ಬಾಸಿಲಿಯಾ ಅವಳ ಬೆನ್ನು ತಟ್ಟಿದಳು. ಮಗುವಿಗೆ ತೇಗು ಬರಿಸುವಂತೆ ತಟ್ಟಿದಳು. ಹುಡುಗಿಯ ಸ್ಪ್ಯಾನಿಷ್ ಪುಸ್ತಕದ್ದು, ಬಾಸಿಲಿಯಾಳದು ಸಂತೆಯದು. ಹೇಗೋ ನಡೆಯಿತು.

"ಅಮ್ಮ, ನನಗೆ ಗೊತ್ತಿರಲಿಲ್ಲ. ಮುಂದೆ ಹೋಗಿ, ದೊಡ್ಡ ಪೈನ್ ಮರ ಸಿಗೋವರೆಗೆ ನಡೀರಿ, ಅಂದ್ರು. ಉಸಿರು ತಗೊಂಡು ಬರ್ತೀನಿ ಅಂದ್ರು. ನಾವು ಮರದ ಹತ್ರ ಕಾದ್ವಿ. ಬರಲಿಲ್ಲ."

"ಚೀಲ ಯಾರದಿತ್ತು ಅವನ ಮೇಲೆ?"

ಹುಡುಗಿ ತಲೆ ತಗ್ಗಿಸಿದಳು. "ನಂದು."

"ಹೂಂ," ಅಂದಳು ಬಾಸಿಲಿಯಾ. "ಅಂಗಿ ಕೊಡಮ್ಮ. ಅದಕ್ಕೇ ಬಂದೆ."

ಮರೈಕೆಯ ಮುಖದಲ್ಲಿ ಒಂದು ಬೆಳಕು ಬಂತು, ಏನೋ ಒಂದಾದರೂ ಸರಿ ಮಾಡಿದ್ದೇನೆ ಅನ್ನುವಂತೆ. ಒಳಗೆ ಓಡಿ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದಳು. ಒಳಗೆ ಕಪಿಶಾಯ್ ಚೌಕಾಕಾರ ಮಡಚಿತ್ತು.

"ನಿಮಗೆ ತಲುಪಿಸೋಕೆ ಯಾರನ್ನ ಹಿಡೀಲಿ ಅಂತ ಯೋಚಿಸ್ತಿದ್ದೆ. ಕೆಸರಾಗಿತ್ತು. ಹಾಗೇ ಹೇಗೆ ಕೊಡೋದು ಅಂತ ನಿನ್ನೆ ಸಂಜೆ ಒಗೆಸಿದೆ. ಬಟ್ಟೆ ಒಗೆಯೋ ಅಂಗಡೀಲಿ. ಬಿಸಿನೀರು, ಮಿಷನ್ನು. ಎರಡು ಸಲ."

ಬಾಸಿಲಿಯಾ ಅದನ್ನು ಬಿಡಿಸಿದಳು. ಮೂಗಿಗೆ ಹಿಡಿದಳು. ಯಾವುದೋ ಹೂವಿನ ಸೋಪು. ಮತ್ತೆ ಒಳಭಾಗ ತಿರುಗಿಸಿ, ಕಂಕುಳ ಕಡೆ, ಕತ್ತಿನ ಕಡೆ ಹಿಡಿದಳು. ಅಲ್ಲೂ ಅದೇ ಹೂವು. ಉಣ್ಣೆ ಗಟ್ಟಿಯಾಗಿ, ಗಿಡ್ಡವಾಗಿ, ಹಲಗೆಯ ಹಾಗಾಗಿತ್ತು. ತೆಲೆಸ್ಫೊರೊನಿಗೆ ಮೊಣಕಾಲಿನವರೆಗೆ ಬರುತ್ತಿದ್ದದ್ದು ಈಗ ಅವನ ಸೊಂಟಕ್ಕೂ ಬರುತ್ತಿರಲಿಲ್ಲ.

ಕೋಪ ಬರಬೇಕಿತ್ತು. ಬರಲಿಲ್ಲ. ಹಸಿವಾಯಿತು.

"ಚೆನ್ನಾಗಿ ಒಗೆಸಿದೀಯ," ಅಂದಳು.

ಹುಡುಗಿ ಅನ್ನ ಹಾಕಿಸಿದಳು, ಕೆರೆಯ ಮೀನು. ಬಾಸಿಲಿಯಾ ಪೂರ್ತಿ ತಿಂದಳು, ಮುಳ್ಳು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟಳು. ನಾನೂ ಸಮಾಧಿಗೆ ಬರಲೇ ಎಂದು ಹುಡುಗಿ ಕೇಳಿದಳು.

"ಬೇಡಮ್ಮ. ನಿನ್ನ ದಾರಿ ನೀನು ನಡಿ. ನಕ್ಷೆ ಇದೆಯಲ್ಲ."

ಹಿಂದಿರುಗುವಾಗ ಶೇಲಾದಿಂದ ಮೇಲಿನ ಕಣಿವೆ ಏರುವಲ್ಲಿ ಬಸ್ಸಿನ ಕಿಟಕಿಯೊಂದು ಮುಚ್ಚಲಾಗಲಿಲ್ಲ. ಚಳಿ ಒಳಗೆ ನುಗ್ಗಿತು. ಬಾಸಿಲಿಯಾ ಯೋಚಿಸದೆ ಪ್ಲಾಸ್ಟಿಕ್ ಬಿಚ್ಚಿ ಕಪಿಶಾಯ್ ತಲೆಯ ಮೇಲಿಂದ ಎಳೆದುಕೊಂಡಳು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ನಿದ್ದೆ ಹೋದಳು. ಸುದ್ದಿ ಬಂದ ಮೇಲೆ ಅವಳು ಸರಿಯಾಗಿ ನಿದ್ದೆ ಮಾಡಿದ್ದು ಆ ಬಸ್ಸಿನಲ್ಲಿ. ಎದ್ದಾಗ ಕತ್ತಿನ ಹತ್ತಿರ ಉಣ್ಣೆ ಒದ್ದೆಯಾಗಿತ್ತು. ಜೊಲ್ಲು ಇರಬಹುದು.

ಊರು ಸೇರಿದಾಗ ಒಂಬತ್ತನೇ ಪ್ರಾರ್ಥನೆಗೆ ಒಂದು ದಿನ ಉಳಿದಿತ್ತು. ಇಲಾರಿಯೊ ಅಜ್ಜ ಕಪಿಶಾಯ್ ಹಿಡಿದು ಮೂಸಿ, ಮುಖ ಸಿಂಡರಿಸಿದ.

"ಇದೇನಿದು, ಮದುವೆ ಮನೆ ವಾಸನೆ."

"ಒಗೆದುಬಿಟ್ಟಿದಾಳೆ."

ಕ್ಲೆಮೆನ್ಸಿಯಾ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. "ನನ್ನ ತಮ್ಮ ಇಷ್ಟುದ್ದ ಇದ್ದ. ಇದು ರುಫೀನಾ ಮಗೂಗೆ ಆಗುತ್ತೆ." ಅಂದವಳು ನಕ್ಕುಬಿಟ್ಟಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ಒಗೆಯೋ ಹೆಂಗಸರ ಕೈಗೇ ಸಿಕ್ಕಿಬಿದ್ದನಲ್ಲ ನನ್ನ ತಮ್ಮ. ಇಲ್ಲೊಬ್ಳು, ಅಲ್ಲೊಬ್ಳು."

"ಈಗೇನು ಮಾಡೋದು ಅಜ್ಜ?" ಬಾಸಿಲಿಯಾ ಕೇಳಿದಳು.

ಅಜ್ಜ ಮತ್ತೊಮ್ಮೆ ಮೂಸಿದ. ಈ ಸಲ ನಿಧಾನವಾಗಿ, ಕತ್ತಿನ ಹತ್ತಿರ.

"ಇದನ್ನ ಯಾರು ಹಾಕ್ಕೊಂಡಿದ್ರು?"

"ನಾನೇ. ಬಸ್ಸಲ್ಲಿ ಚಳಿ ಇತ್ತು."

"ಬೆವರಿದೆ."

"ಅದು ನಂದು."

"ನಿಂದೇ ಇರ್ಲಿ. ಇಷ್ಟು ವರ್ಷ ಒಂದೇ ಕಂಬಳಿ ಕೆಳಗೆ ಮಲಗಿದೋರು. ನಿನ್ನ ವಾಸನೆ ಅವನಿಗೆ ಗೊತ್ತಿಲ್ವಾ?" ಅಜ್ಜ ಕಪಿಶಾಯ್ ಅವಳ ಮಡಿಲಿಗೆ ಹಾಕಿದ. "ಬಟ್ಟೆ ಎಳ್ಕೊಂಡು ಬರಬೇಡ. ನೀನೇ ಹಾಕ್ಕೊಂಡು ನಡಿ. ಬರೋನಾದ್ರೆ ಬರ್ತಾನೆ."

"ಬರದಿದ್ರೆ?"

"ನನ್ನ ಕೇಳಿದ್ರೆ ನಾನೇನು ಹೇಳ್ಲಿ?"

ಮಾರನೇ ದಿನ ಬೆಳಿಗ್ಗೆಯೇ ಹೊರಟರು, ಅಜ್ಜ ಮತ್ತು ಅವಳು. ಬಯಲಿನ ಮೇಲೆ ಹುಲ್ಲೆಲ್ಲ ಬೆಳ್ಳಗಿತ್ತು. ದೊಡ್ಡ ಪೈನ್ ಮರ ಕಾಣುವ ಜಾಗಕ್ಕಿಂತ ಸ್ವಲ್ಪ ಹಿಂದೆ ಬಂಡೆ. ಅದು ಎಲ್ಲ ಬಂಡೆಯಂತೆಯೇ ಇತ್ತು. ಮರೆಯಲ್ಲಿ ಒಂದು ಕಿತ್ತಳೆ ಸಿಪ್ಪೆ ಒಣಗಿ ಬಿದ್ದಿತ್ತು. ಯಾರದೋ.

ಅಜ್ಜ ಮೋಂಬತ್ತಿ ಹಚ್ಚಿದ, ಧೂಪ ಹಾಕಿದ, ನೆಲಕ್ಕೆ ಸಾರಾಯಿ ಸುರಿದ. ಪೈನ್ ಕೊಂಬೆಯಿಂದ ಬಂಡೆಯ ಬುಡವನ್ನು ಬಡಿದ. "ತೆಲೆಸ್ಫೊರೊ, ಏಳಪ್ಪ. ಜನ ಎಲ್ಲ ಮನೆ ಸೇರಿದ್ರು. ನಿನ್ನ ಹೆಂಡ್ತಿ ಬಂದಿದಾಳೆ." ಆಮೇಲೆ ಬಾಸಿಲಿಯಾ ಕಡೆ ತಿರುಗಿದ.

"ಮೋಂಬತ್ತಿ ಆರೋವರೆಗೆ ನಾನಿಲ್ಲೇ ಇರ್ತೀನಿ. ನೀನು ನಡಿ. ಪ್ರತಿ ತಿರುವಲ್ಲೂ ಹೆಸರು ಕರಿ. ಒಲೆ ಮುಟ್ಟೋವರೆಗೆ ಬೇರೆ ಮಾತಾಡಬೇಡ. ತಿರುಗಿ ನೋಡಬೇಡ. ನೋಡಿದ್ರೆ ಅವನು ಅಲ್ಲೇ ನಿಂತ್ಕೋತಾನೆ."

ಅವಳು ನಡೆದಳು. ಕಪಿಶಾಯ್ ಬೆನ್ನಿಗೆ ಗಟ್ಟಿಯಾಗಿ ಕುಳಿತಿತ್ತು. ಮೊದಲ ತಿರುವಿನಲ್ಲಿ "ತೆಲೆಸ್ಫೊರೊ, ಬಾ," ಅಂದಳು. ಕುರಿಯನ್ನು ಕರೆಯುವ ದನಿಯಲ್ಲೇ ಬಂತು. ಅವಳಿಗೆ ಬೇರೆ ದನಿ ಗೊತ್ತಿರಲಿಲ್ಲ. ಎಡ ಮೊಣಕಾಲು ನೋಯುತ್ತಿತ್ತು. ಮಂಜು ಬಯಲಿನ ಆಚೆಯಿಂದ ಎದ್ದು ಬಂತು, ಕಲ್ಲಿನ ಗೋಡೆಗಳನ್ನು ಒಂದೊಂದಾಗಿ ನುಂಗಿತು.

ದಾರಿ ಎರಡಾಗುವ ಜಾಗದಲ್ಲಿ ಇಬ್ಬರು ನಿಂತಿದ್ದರು. ಹುಡುಗ, ಹುಡುಗಿ. ಬೆನ್ನ ಮೇಲೆ ಮನೆಯಷ್ಟು ದೊಡ್ಡ ಚೀಲ. ನಕ್ಷೆ ಒದ್ದೆಯಾಗಿ ಮುದ್ದೆಯಾಗಿತ್ತು.

"ಅಮ್ಮ, ತುಯ್ವಿಟ್ಸ್ ಯಾವ ಕಡೆ? ಈ ಕಡೇನಾ?" ಹುಡುಗ ಎಡಗಡೆಯ ದಾರಿ ತೋರಿಸಿದ. ಅದು ಕಮರಿಯ ದಾರಿ. ಮಂಜಿನಲ್ಲಿ ಅತ್ತ ಹೋದರೆ ನಮ್ಮೂರಿನವರಿಗೇ ಕಾಲು ಎಲ್ಲಿ ಇಡುವುದೆಂದು ತಿಳಿಯುವುದಿಲ್ಲ.

ಬಾಸಿಲಿಯಾ ಬಾಯಿ ತೆರೆದು ಮುಚ್ಚಿದಳು. ಮಾತಾಡುವಂತಿಲ್ಲ. ಅವನಾಗಿದ್ದರೆ ಇಷ್ಟು ಹೊತ್ತಿಗೆ ಅವರ ಚೀಲ ಹೊತ್ತಿರುತ್ತಿದ್ದ.

"ಅಮ್ಮ?"

ಅವಳು ಗದ್ದದಿಂದ ಬಲಗಡೆ ತೋರಿಸಿದಳು. ಹುಡುಗನಿಗೆ ಅರ್ಥವಾಗಲಿಲ್ಲ. ಎಡಕ್ಕೆ ಒಂದು ಹೆಜ್ಜೆ ಇಟ್ಟ. ಬಾಸಿಲಿಯಾ ಅವನ ಚೀಲದ ಪಟ್ಟಿ ಹಿಡಿದು, ಕತ್ತೆಯನ್ನು ತಿರುಗಿಸುವಂತೆ, ಬಲಕ್ಕೆ ತಿರುಗಿಸಿದಳು. ತಾನು ಮುಂದೆ ನಡೆದಳು. ತಿರುವು ಅದು, ಹೆಸರು ಕರೆಯಬೇಕು.

"ತೆಲೆಸ್ಫೊರೊ, ಬಾ."

ಹಿಂದೆ ಹೆಜ್ಜೆ ಸದ್ದು ಶುರುವಾಯಿತು. ಇಲ್ಲಿನ ಭಾಷೆಯಲ್ಲಿ ನಮ್ಮನ್ನೇ ಕರೆಯುತ್ತಿದ್ದಾಳೆ ಅಂದುಕೊಂಡರೇನೋ. ಪ್ರತಿ ತಿರುವಿನಲ್ಲೂ ಅವಳು ಕರೆದಳು. ಒಂದೆರಡು ಸಲ ಹುಡುಗ "ಬಂದ್ವಿ, ಬಂದ್ವಿ," ಅಂದ. ಆಮೇಲೆ ಏರು ಹತ್ತಿ, ಮಾತು ನಿಂತು, ಬರೀ ಉಸಿರು ಮತ್ತು ಬೂಟಿನ ಸದ್ದು. ಮಂಜಿನಲ್ಲಿ ಸದ್ದು ಎಲ್ಲಿಂದ ಬರುತ್ತಿದೆ, ಎಷ್ಟು ಜನರದ್ದು ಅಂತ ತಿಳಿಯುವುದಿಲ್ಲ. ಅವಳು ತಿರುಗಲಿಲ್ಲ. ಕತ್ತು ನೋವು ಬರುವಷ್ಟು ನೇರ ಇಟ್ಟುಕೊಂಡು ನಡೆದಳು.

ಮನೆಯೊಳಗೆ ಹೋಗಿ ಒಲೆಗೆ ಕೈ ತಾಗಿಸಿದಳು. ಬಿಸಿ ತಟ್ಟಿತು. ಆಗ ಮೊದಲ ಮಾತು ಆಡಿದಳು.

"ರುಫೀನಾ, ಹೊರಗೆ ಇಬ್ರು ಇದಾರೆ. ಹುರುಳಿ ಬಿಸಿ ಮಾಡು. ಮೊಟ್ಟೆ ಕೇಳು, ಬೇಡ ಅಂತಾರೆ."

ಕ್ಲೆಮೆನ್ಸಿಯಾ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು.

"ಬಂದನಾ?"

"ಹಿಂದೆ ಹೆಜ್ಜೆ ಕೇಳಿಸ್ತು."

"ಎಷ್ಟು ಜನದ್ದು?"

"ಎಣಿಸ್ಲಿಲ್ಲ ಅಕ್ಕ."

ಕ್ಲೆಮೆನ್ಸಿಯಾ ಹೊರಗಿದ್ದ ಇಬ್ಬರನ್ನು ನೋಡಿದಳು, ಬಾಸಿಲಿಯಾಳ ಮೈಮೇಲಿನ ಕಪಿಶಾಯ್ ನೋಡಿದಳು. ಸಂಜೆ ಅಜ್ಜ ಬಂದ, ಒಂಬತ್ತನೇ ಪ್ರಾರ್ಥನೆ ಮುಗಿಯಿತು, ಬಂದವರಿಗೆಲ್ಲ ರೊಟ್ಟಿ ಮತ್ತು ಕಾಫಿ ಕೊಟ್ಟರು. ಬೆನ್ನುಚೀಲದ ಇಬ್ಬರೂ ಏನೆಂದು ತಿಳಿಯದೆ ಮಂಡಿಯೂರಿ ಕುಳಿತಿದ್ದರು.

ರುಫೀನಾ ಗಂಡನ ಮನೆಗೆ ಹೋದಳು. ಚಳಿಗಾಲ ಇನ್ನೂ ಇದೆ. ಈಗ ಬಯಲು ದಾಟಿಸುವುದು ಪಕ್ಕದ ಮನೆಯ ಗಂಡಸು. ಮಂಚ ಮತ್ತು ಅಡುಗೆ ಬಾಸಿಲಿಯಾಳದು. ಕಪಿಶಾಯಿಯಿಂದ ಹೂವಿನ ವಾಸನೆ ಹೋಗಿ ಹೊಗೆಯ ವಾಸನೆ ಬಂದಿದೆ. ಅವನು ಬಂದನೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಯಾರಾದರೂ ಕೇಳಿದರೆ ಗೊತ್ತಿಲ್ಲ ಅನ್ನುತ್ತಾಳೆ.

ಬೆಳಿಗ್ಗೆ ಎದ್ದು ಕಪಿಶಾಯ್ ತಲೆಯ ಮೇಲಿಂದ ಎಳೆದುಕೊಳ್ಳುತ್ತಾಳೆ. ಒಲೆ ಹಚ್ಚಿ ಕೆಟಲ್ ಇಡುತ್ತಾಳೆ. ನೀರು ಕುದಿ ಬರುವ ಮೊದಲೇ ಇಳಿಸಿ ಹೊರಗೆ ಹೋಗುತ್ತಾಳೆ. ಪೈಪಿನ ಬಾಯಿಯಿಂದ ಶುರು ಮಾಡಿ ಗೋಡೆಯ ಕಡೆಗೆ ನಿಧಾನಕ್ಕೆ ಸುರಿಯುತ್ತಾಳೆ. ಮೊದಲ ವಾರ ಉಲ್ಟಾ ಸುರಿದು ಒಂದು ಕಡೆ ಸೀಳಿತ್ತು, ಅಲ್ಲಿಗೆ ರಬ್ಬರ್ ಪಟ್ಟಿ ಸುತ್ತಿದ್ದಾಳೆ. ಪೈಪು ಕೆಮ್ಮುತ್ತದೆ, ಮಂಜುಗಡ್ಡೆಯ ಚೂರು ಉಗುಳುತ್ತದೆ. ನೀರು ಬರುವವರೆಗೆ ಅದನ್ನು ಹಿಡಿದುಕೊಂಡು ನಿಲ್ಲುತ್ತಾಳೆ. ಆಮೇಲೆ ಕೊಡ ಇಡುತ್ತಾಳೆ.